ನಮಗೇನೂ ಇಲ್ಲ, ಆದರೆ ಊರು...

ನಮ್ಮಲ್ಲಿ ಜಾತಿ ಇದೆ, ವರ್ಣದ್ವೇಷ ಇಲ್ಲ ಎಂಬ ಮಾತನ್ನು ಓದುಬರಹ ಬಲ್ಲವರ ಬಾಯಲ್ಲಿ ನಾನು ಅನೇಕ ಸಲ ಕೇಳಿದ್ದೇನೆ. ಹಾಗೆ ಹೇಳುವವರ ದನಿಯಲ್ಲಿ ಒಂದು ಬಗೆಯ ನೆಮ್ಮದಿ ಇರುತ್ತದೆ. ಸಕ್ಕರೆ ಕಾಯಿಲೆ ಇದೆಯೆಂದು ಒಪ್ಪಿಕೊಂಡವನು, ಸದ್ಯ ರಕ್ತದೊತ್ತಡ ಇಲ್ಲ ಎಂದು ಹಗುರಾಗುವ ಹಾಗೆ. ವರ್ಣದ್ವೇಷವೆಂದರೆ 1893ರಲ್ಲಿ ಗಾಂಧೀಜಿಯನ್ನು ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ರೈಲಿನಿಂದ ಇಳಿಸಿದ್ದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಾಗಿದ್ದದ್ದು. ಮಂಡೇಲಾ 27 ವರ್ಷ ಸೆರೆಯಲ್ಲಿ ಕಳೆದದ್ದು. ಅವರು ಹೊರಬಂದ 1990ರಲ್ಲೇ ನಮ್ಮ ಸರಕಾರ ಅವರಿಗೆ ಭಾರತರತ್ನ ಕೊಟ್ಟಿತು. ಪಾಪ ಮಾಡಿದವರು ಬೇರೆಯವರು, ಹಾರ ಹಾಕಿದವರು ನಾವು.

ನಮ್ಮ ಮಾತನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿದರೆ ಈ ನೆಮ್ಮದಿ ಉಳಿಯುವುದು ಕಷ್ಟ. 'ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎನ್ನುತ್ತೇವೆ. ಹೇಳುವವರು ಹೊಗಳುತ್ತಲೇ ಇದ್ದಾರೆ, ಸಂಶಯವಿಲ್ಲ. ಆದರೆ ಆ 'ಆದರೂ' ಎಂಬ ಮೂರಕ್ಷರ ಅಲ್ಲಿ ಏನು ಮಾಡುತ್ತಿದೆ? 'ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ' ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಕೃಷ್ಣ ಎಂಬ ಹೆಸರಿನ ಅರ್ಥವೇ ಕಪ್ಪು. ಕ್ಯಾಲೆಂಡರಿನ ಚಿತ್ರಗಾರ ಮಾತ್ರ ದೇವರಿಗೆ ನೀಲಿ ಬಳಿದು ಆ ಮುಜುಗರದಿಂದ ನಮ್ಮನ್ನು ಪಾರುಮಾಡಿದ್ದಾನೆ. ಇದನ್ನೆಲ್ಲ ಹೇಳಿದರೆ ಜನ ನಗುತ್ತಾರೆ. ಅದು ಬಣ್ಣದ ಚಪಲವೇ ಹೊರತು ದ್ವೇಷವಲ್ಲ ಎನ್ನುತ್ತಾರೆ. ಇರಬಹುದು. ಚಪಲ ಎಲ್ಲಿ ಮುಗಿಯುತ್ತದೆ, ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಪ್ರಶ್ನೆಯಾಗಿ ಎದುರಾದದ್ದು ಘಟ್ಟದ ಮೇಲಿನ ಒಂದು ಸಣ್ಣ ಊರಿನಲ್ಲಿ.

1994ರಲ್ಲಿ ನನ್ನನ್ನು ಬ್ಯಾಂಕಿನವರು ಉತ್ತರ ಕನ್ನಡದ ಆ ಊರಿಗೆ ವರ್ಗ ಮಾಡಿದರು. ಊರಿನ ಹೆಸರು ಬೇಡ. ಒಂದು ಬಸ್‌ಸ್ಟ್ಯಾಂಡು, ಮರದ ಡಿಪೋ, ಅಡಿಕೆ ಮಂಡಿ, ವಾರಕ್ಕೊಮ್ಮೆ ಸಂತೆ, ವರ್ಷಕ್ಕೆ ನಾಲ್ಕು ತಿಂಗಳು ಬಿಡದ ಮಳೆ. ಸಂತೆಯ ದಿನ ಸುತ್ತಲಿನ ಕಾಡಿನಿಂದ ಸಿದ್ದಿಗಳು ಬರುತ್ತಿದ್ದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡುಗಳನ್ನು ಬಲ್ಲವರಿಗೆ ಸಿದ್ದಿಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಯಲುಸೀಮೆಯಿಂದ ಹೋದ ನನಗೆ ಅವರು ಹೊಸಬರು. ಪೂರ್ವ ಆಫ್ರಿಕದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದು ಮಾರಿದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ದಖ್ಖನದ ಸುಲ್ತಾನರ ಸೈನ್ಯಗಳಿಗೆ ಬಂದವರೂ ಅವರಲ್ಲಿ ಬೆರೆತಿದ್ದಾರೆ. ಅಹಮದ್‌ನಗರದ ರಾಜ್ಯವನ್ನು ವರ್ಷಗಟ್ಟಲೆ ಹಿಡಿದು ನಿಲ್ಲಿಸಿ, ಮೊಗಲರನ್ನು ಕಾಡಿ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಇಂಥ ಗುಲಾಮನಾಗಿಯೇ ಬಂದವನು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಅನೇಕರ ಮನೆಮಾತು ಕೊಂಕಣಿ. ನಾನೂರು ವರ್ಷದಲ್ಲಿ ಅವರು ದೇವರನ್ನು ಇಲ್ಲಿಯವರಿಂದ ಪಡೆದರು, ಭಾಷೆಯನ್ನು ಇಲ್ಲಿಯವರಿಂದ ಪಡೆದರು, ಗಂಜಿ ಚಟ್ನಿ ಇಲ್ಲಿಯದೇ. ಉಳಿದದ್ದು ಮೈಬಣ್ಣ, ಕೂದಲು, ಡಮಾಮಿಯ ಪೆಟ್ಟು.

ಊರಿನವರು ಸಿದ್ದಿಗಳ ಬಗ್ಗೆ ಕೆಟ್ಟ ಮಾತಾಡಿದ್ದನ್ನು ನಾನು ಮೊದಲೆರಡು ವರ್ಷ ಕೇಳಲೇ ಇಲ್ಲ. ಬರೀ ಹೊಗಳಿಕೆ. ಗಟ್ಟಿ ಜನ, ನಂಬಿಗಸ್ತರು, ಕಾಡಿನಲ್ಲಿ ಹುಲಿ ಬಂದರೂ ಹೆದರುವವರಲ್ಲ, ಕುಣಿತ ನೋಡಬೇಕು ನೀವು. 1980ರ ದಶಕದ ಕೊನೆಗೆ ಕೇಂದ್ರದ ಕ್ರೀಡಾ ಪ್ರಾಧಿಕಾರದವರು ಬಂದು ಸಿದ್ದಿ ಮಕ್ಕಳನ್ನು ಓಟಕ್ಕೆ, ಜಿಗಿತಕ್ಕೆ ಆರಿಸಿಕೊಂಡು ಹೋಗಿದ್ದರು. ಕೆಲವರು ಪದಕ ತಂದರು, ಕೆಲವು ವರ್ಷಕ್ಕೆ ಯೋಜನೆ ನಿಂತುಹೋಗಿ ಮಕ್ಕಳು ಮನೆಗೆ ಬಂದರು. ಅದೂ ಊರಿನ ಹೆಮ್ಮೆಯ ಕತೆ. ಆದರೆ ಹೊಗಳಿಕೆಯ ಪಟ್ಟಿಯನ್ನು ನೋಡಿ: ಎಲ್ಲ ಮೈಗೆ ಸಂಬಂಧಪಟ್ಟದ್ದು. ಇವನು ಜಾಣ, ಇವನಿಗೆ ವ್ಯವಹಾರ ಗೊತ್ತು, ಇವನ ಮಾತಿನಲ್ಲಿ ಹಾಸ್ಯವಿದೆ ಎಂದು ಒಬ್ಬ ಸಿದ್ದಿಯ ಬಗ್ಗೆ ಯಾರೂ ಹೇಳಲಿಲ್ಲ. ಹೊಗಳಿಕೆಯಿಂದಲೂ ಬೇಲಿ ಕಟ್ಟಬಹುದು. ಮುಳ್ಳಿನ ಬೇಲಿಗಿಂತ ಅದು ಬಾಳಿಕೆ ಬರುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನ ಎದುರಿನ ಸಾಲಿನಲ್ಲಿ ಒಂದು ಬೇಕರಿ ಇತ್ತು. ಎರಡು ತಲೆಮಾರಿನ ಹಿಂದೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರದು. ಆ ಮನೆಯ ಮಗಳು ಬಿ.ಕಾಂ. ಮುಗಿಸಿ ಬೇಕರಿಯ ಲೆಕ್ಕ ನೋಡಿಕೊಳ್ಳುತ್ತಿದ್ದಳು. ಪಾಸ್‌ಬುಕ್ಕು ಹಿಡಿದು ವಾರಕ್ಕೆರಡು ಸಲ ಬರುತ್ತಿದ್ದಳು. ಕೂಡಿಸುವಾಗ ನಮ್ಮ ಗುಮಾಸ್ತರು ಮಾಡಿದ ತಪ್ಪನ್ನು ಮುಲಾಜಿಲ್ಲದೆ ತೋರಿಸುತ್ತಿದ್ದಳು. ಅವಳಿಗೆ ಇಪ್ಪತ್ತೆರಡು ವರ್ಷ. ಚರ್ಚಿನ ಹಾಡಿನ ಗುಂಪಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಒಬ್ಬ ಹುಡುಗ, ಸರಕಾರಿ ಪ್ರಾಥಮಿಕ ಶಾಲೆಯ ಮಾಸ್ತರ, ಅವಳನ್ನು ಇಷ್ಟಪಟ್ಟ, ಅವಳೂ ಇಷ್ಟಪಟ್ಟಳು. ಪ್ರೇಮದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಅಧಿಕಾರವಿಲ್ಲ. ಹಾಡಿನ ಅಭ್ಯಾಸ ಮುಗಿದ ಮೇಲೆ ಇಬ್ಬರೂ ಒಂದೇ ಕೊಡೆಯಲ್ಲಿ ಬಂದದ್ದನ್ನು ಊರು ನೋಡಿತ್ತು, ಅಷ್ಟೇ. ಹುಡುಗ ಕ್ರೈಸ್ತ ಸಿದ್ದಿ.

ಈ ಸಂಬಂಧದಲ್ಲಿ ಒಂದು ವಿಶೇಷವಿದೆ. ನಮ್ಮಲ್ಲಿ ಮದುವೆಗೆ ಅಡ್ಡ ಬರುವ ಯಾವ ಕಾರಣವೂ ಇಲ್ಲಿ ಇರಲಿಲ್ಲ. ಧರ್ಮ ಒಂದೇ, ಚರ್ಚೂ ಒಂದೇ. ಮನೆಮಾತು ಒಂದೇ, ಅವನ ಕೊಂಕಣಿಯ ಧಾಟಿ ಸ್ವಲ್ಪ ಬೇರೆ, ಅಷ್ಟೇ. ಬಡತನ ಎನ್ನಲು ಅವನದು ಸರಕಾರಿ ಸಂಬಳ, ಬೇಕರಿಯ ನಿವ್ವಳ ಲಾಭಕ್ಕಿಂತ ಹೆಚ್ಚೇ ಇತ್ತೆಂದು ಎರಡೂ ಖಾತೆಯನ್ನು ಕಂಡ ನಾನು ಬಲ್ಲೆ. ಕುಡಿತವಿಲ್ಲ. ಕೊಂಕಣಿ ಕ್ರೈಸ್ತರಲ್ಲೂ ಬಾಮಣ, ಚಾರಡಿ, ಸುದೀರ ಎಂಬ ಹಳೆಯ ಜಾತಿಗಳ ನೆನಪು ಸತ್ತಿಲ್ಲ, ನಿಜ. ಆದರೆ ಆ ಹುಡುಗಿಯ ಅಣ್ಣ ನಾಲ್ಕು ವರ್ಷದ ಹಿಂದೆ ಪಂಗಡ ಬಿಟ್ಟು ಮದುವೆಯಾಗಿದ್ದ, ಯಾರೂ ತಕರಾರು ಮಾಡಿರಲಿಲ್ಲ. ಗಣಿತದಲ್ಲಿ ಒಂದೊಂದೇ ಪದವನ್ನು ಹೊಡೆದುಹಾಕುತ್ತ ಹೋದಂತೆ ಹೋದರೆ ಕೊನೆಗೆ ಒಂದೇ ಒಂದು ಉಳಿಯುತ್ತದೆ. ಆ ಒಂದನ್ನು ಆಡಿ ತೋರಿಸಲು ಊರಿನಲ್ಲಿ ಒಬ್ಬರೂ ಸಿದ್ಧರಿರಲಿಲ್ಲ.

ಹುಡುಗಿಯ ತಂದೆ ಸಜ್ಜನರು. ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಕುಳಿತು, 'ಹುಡುಗ ಬಂಗಾರ ಸಾರ್. ನಮಗೇನೂ ಇಲ್ಲ. ಆದರೆ ಊರು ಇದೆಯಲ್ಲ' ಎಂದರು. ಊರು ಎಂದರೆ ಯಾರು ಎಂದೆ. ಚರ್ಚಿನ ಹಿರಿಯರು, ಗಿರಾಕಿಗಳು ಎಂದರು. ಚರ್ಚಿನ ಹಿರಿಯರೊಬ್ಬರು ಬೇರೊಂದು ದಿನ ತಾವಾಗಿಯೇ ವಿಷಯ ತೆಗೆದು, 'ದೇವರ ಮುಂದೆ ಎಲ್ಲರೂ ಒಂದೇ. ನಮ್ಮದೇನಿಲ್ಲ. ಆದರೆ ಅವರ ಸಂಬಂಧಿಕರು ಕರಾವಳಿಯಲ್ಲಿದ್ದಾರೆ, ಅವರು ಒಪ್ಪಬೇಕಲ್ಲ' ಎಂದರು. ಬೇಕರಿಯ ಗಿರಾಕಿಗಳಲ್ಲಿ ನಾನೂ ಒಬ್ಬ, ನನ್ನ ಸಹೋದ್ಯೋಗಿಗಳೂ ಇದ್ದರು. ಅವರ ಮಾತೂ ಅದೇ: ನಮಗೇನು, ಆದರೆ ಮುಂದೆ ಮಕ್ಕಳಾಗುತ್ತವೆ, ಆ ಮಕ್ಕಳನ್ನು ಶಾಲೆಯಲ್ಲಿ ಬೇರೆ ಮಕ್ಕಳು ಬಿಡುತ್ತಾರೆಯೇ? ಇನ್ನೂ ಹುಟ್ಟದ ಮಕ್ಕಳ ಕೂದಲಿನ ಬಗ್ಗೆ ಆ ಊರು ಆ ಮಳೆಗಾಲದಲ್ಲಿ ತೋರಿದಷ್ಟು ಕರುಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲೆಕ್ಕ ಬಲ್ಲ ಹುಡುಗಿ ಸುಮ್ಮನಿರಲಿಲ್ಲ. ಬೇಕರಿಯ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಹೆಸರುಗಳನ್ನು ಬರೆದುಕೊಂಡಳು. ಅಪ್ಪ ಯಾರ ಹೆಸರು ಹೇಳಿದರೋ ಅವರ ಮನೆಗೆ ಹೋದಳು. 'ನಿಮಗೆ ಏನಾದರೂ ಇದೆಯೇ?' ಎಂದು ನೇರ ಕೇಳಿದಳು. ಅವರು ಇನ್ನೊಬ್ಬರ ಹೆಸರು ಹೇಳಿದರೆ ಅವರಲ್ಲಿಗೆ. ಬಸ್ಸು ಹತ್ತಿ ಕರಾವಳಿಗೂ ಹೋಗಿ ಬಂದಳು. ಅಲ್ಲಿನ ಸಂಬಂಧಿಕರು ಮೀನು ಸಾರು ಬಡಿಸಿ, 'ನಮಗೆ ದೂರ, ನಮಗೇನಮ್ಮ? ದಿನಾ ಮುಖ ನೋಡಬೇಕಾದವರು ನಿಮ್ಮೂರಿನವರು' ಎಂದರಂತೆ. ಹೀಗೆ ಹನ್ನೊಂದು ಜನ ಒಬ್ಬರನ್ನೊಬ್ಬರು ತೋರಿಸುತ್ತ ಬಂದು ಕೊನೆಯವರು ಮೊದಲಿನವರನ್ನು ತೋರಿಸಿದರು. ಆ ಪುಟವನ್ನು ಅವಳು ನನಗೆ ತೋರಿಸಿದಾಗ ನನಗೆ ಹಳೆಯ ಹುಂಡಿಗಳ ನೆನಪಾಯಿತು. ಹಿಂಬದಿಯಲ್ಲಿ ಒಬ್ಬೊಬ್ಬರೂ ರುಜು ಹಾಕಿ ಮುಂದಿನವರಿಗೆ ವರ್ಗಾಯಿಸಿದ್ದಾರೆ. ಹಣ ಕೊಡಬೇಕಾದವನು ಮಾತ್ರ ಎಲ್ಲೂ ಇಲ್ಲ.

ಇಲ್ಲಿಯೇ ನನಗೆ ನಿಜವಾದ ನೈತಿಕ ತೊಡಕು ಕಾಣುವುದು. ಒಬ್ಬ ಮನುಷ್ಯ ತನ್ನ ಮನಸ್ಸಿನಲ್ಲಿರುವ ದ್ವೇಷಕ್ಕೆ ಉತ್ತರ ಕೊಡಬೇಕು ಎಂಬುದು ಸುಲಭದ ಮಾತು. ಆದರೆ ದ್ವೇಷವು ಯಾರ ಮನಸ್ಸಿನಲ್ಲೂ ಇಲ್ಲದೆ, ಎಲ್ಲರ ಮನಸ್ಸಿನಲ್ಲಿರುವ 'ಇತರರ' ಮನಸ್ಸಿನಲ್ಲಿ ಮಾತ್ರ ಇದ್ದರೆ? ಆಗ ಅದಕ್ಕೆ ಉತ್ತರ ಕೊಡಬೇಕಾದವರು ಯಾರು? ಪ್ರಥಮ ಪುರುಷದಲ್ಲಿಯೇ ವಾಸಿಸುವ ಪಾಪ ಇದು. ಉತ್ತಮ ಪುರುಷಕ್ಕೆ ಬರುವುದೇ ಇಲ್ಲ. ಪ್ರತಿಯೊಬ್ಬನೂ ಊರಿಗೆ ಹೆದರುತ್ತಾನೆ, ಅವನೇ ಊರು. ಅವರೆಲ್ಲ ಸುಳ್ಳು ಹೇಳುತ್ತಿದ್ದರೆಂದು ನಾನು ಹೇಳಲಾರೆ. ಹನ್ನೊಂದರಲ್ಲಿ ನಾಲ್ಕೈದು ಜನರಿಗೆ ನಿಜವಾಗಿಯೂ ಏನೂ ಇರಲಿಲ್ಲವೆಂದೇ ನನ್ನ ಊಹೆ. ಪರಿಣಾಮ ಮಾತ್ರ ಹನ್ನೊಂದೂ ಜನ ದ್ವೇಷಿಸಿದ್ದರೆ ಏನಾಗುತ್ತಿತ್ತೋ ಅದೇ.

ಇದಕ್ಕೆ ಹೋಲಿಸಿ ನೋಡಲು ಅಮೆರಿಕದ ಒಂದು ಮೊಕದ್ದಮೆ ಇದೆ. ವರ್ಜೀನಿಯಾದ ಸೆಂಟ್ರಲ್ ಪಾಯಿಂಟ್ ಎಂಬ ಸಣ್ಣ ಹಳ್ಳಿ. ಬಿಳಿಯರು, ಕರಿಯರು, ಮೂಲನಿವಾಸಿಗಳು ತಲೆತಲಾಂತರದಿಂದ ಬೆರೆತು ಬದುಕಿದ ಜಾಗ. ಅಲ್ಲಿನ ರಿಚರ್ಡ್ ಲವಿಂಗ್ ಎಂಬ ಬಿಳಿಯ ಹುಡುಗ, ಮಿಲ್‌ಡ್ರೆಡ್ ಎಂಬ ಹದಿನೆಂಟರ ಹುಡುಗಿ 1958ರ ಜೂನ್ ತಿಂಗಳಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಬಂದರು. ಅವರ ರಾಜ್ಯದಲ್ಲಿ ಅಂಥ ಮದುವೆ ಅಪರಾಧ. ಐದಾರು ವಾರಕ್ಕೆ ಯಾರೋ ಒಬ್ಬರು ಸುಳಿವು ಕೊಟ್ಟರು. ರಾತ್ರಿ ಪೊಲೀಸರು ಮಲಗುವ ಕೋಣೆಗೇ ಬಂದು ಹಿಡಿದರು. ಇಪ್ಪತ್ತೈದು ವರ್ಷ ಇಬ್ಬರೂ ಜೊತೆಯಾಗಿ ರಾಜ್ಯದೊಳಗೆ ಕಾಲಿಡಕೂಡದು ಎಂದು ತೀರ್ಪಾಯಿತು. ಮುಂದೆ ಅದೇ ನ್ಯಾಯಾಧೀಶರು, ದೇವರು ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿ ಇಟ್ಟದ್ದೇ ಬೆರೆಯಬಾರದೆಂದು ಎಂಬ ಅರ್ಥದ ಮಾತನ್ನು ಬರೆದಿಟ್ಟರು. ಹೇಯವಾದ ಮಾತು. ಆದರೆ ಬರೆದದ್ದರಿಂದ ಅದರ ಮೇಲೆ ಅಪೀಲು ಹೋಗಲು ಬಂತು. 1967ರ ಜೂನ್ 12ರಂದು ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಅಂಥ ಕಾನೂನುಗಳನ್ನೆಲ್ಲ ರದ್ದು ಮಾಡಿತು. ಕಾನೂನಿನಲ್ಲಿದ್ದ ದ್ವೇಷಕ್ಕೆ ಪುಟಸಂಖ್ಯೆ ಇತ್ತು. ಸುಳಿವು ಕೊಟ್ಟ ಆ 'ಯಾರೋ ಒಬ್ಬರ' ಮೇಲೆ ಅಪೀಲು ಹೋಗುವುದು ಹೇಗೆ? 2000ದಲ್ಲಿ ಅಲಬಾಮಾದ ಜನ, ಆಗಲೇ ಸತ್ತುಹೋಗಿದ್ದ ಇಂಥದೇ ಒಂದು ನಿಷೇಧವನ್ನು ತಮ್ಮ ಸಂವಿಧಾನದಿಂದ ತೆಗೆದುಹಾಕಲು ಮತ ಹಾಕಿದರು. ತೆಗೆಯಬಾರದೆಂದು ಮತ ಹಾಕಿದವರು ನೂರಕ್ಕೆ ಸುಮಾರು ನಲವತ್ತು. ಪರದೆಯ ಹಿಂದೆ ಮಾತ್ರ 'ನನಗೆ' ಎಂಬ ಪದ ಹೊರಬಂತು.

ನಮ್ಮ ಸಂವಿಧಾನದ 15ನೆಯ ವಿಧಿ ಧರ್ಮ, ಜಾತಿಗಳ ಜೊತೆಗೆ ಜನಾಂಗವನ್ನೂ ಹೆಸರಿಸಿ ಭೇದ ಮಾಡಕೂಡದೆಂದು ಮೊದಲೇ ಹೇಳಿಬಿಟ್ಟಿದೆ. ಹಾಗಾಗಿ ರದ್ದು ಮಾಡಲು ನಮ್ಮಲ್ಲಿ ಕಾನೂನೇ ಇಲ್ಲ.

ನನ್ನ ಸಹೋದ್ಯೋಗಿಯೊಬ್ಬರು, ಓದಿಕೊಂಡವರು, ನನ್ನ ವಾದವನ್ನು ಒಪ್ಪಲಿಲ್ಲ. ಬಾಯಿಬಿಟ್ಟು ಹೇಳಲು ನಾಚುತ್ತಾರೆ ಎನ್ನುವುದೇ ದೊಡ್ಡ ಪ್ರಗತಿ. ಇವರ ಅಜ್ಜಂದಿರು ಸಿದ್ದಿಯನ್ನು ಎದುರಿಗೇ ಕೂಗಿ ಕರೆಯುತ್ತಿದ್ದ ಪದ ನಿಮಗೆ ಗೊತ್ತೇ? ಮೊದಲು ನಾಲಿಗೆ ಬದಲಾಗುತ್ತದೆ, ಆಮೇಲೆ ಮನಸ್ಸು ಎಂದರು. ಇದರಲ್ಲಿ ಸತ್ಯವಿದೆ. ಬೈಗುಳ ತಿನ್ನುವವನಿಗೆ ಮೌನ ಎಷ್ಟೋ ಲೇಸು. ಆದರೂ ನನ್ನ ಸಂಶಯ ಹೋಗಲಿಲ್ಲ. ನಾಚಿಕೆ ಎನ್ನುವುದು ಯಾರ ಮುಂದೆ? ಬ್ಯಾಂಕಿನ ಮ್ಯಾನೇಜರನ ಮುಂದೆ, ಪಾದ್ರಿಯ ಮುಂದೆ, ತನ್ನ ಬಗ್ಗೆ ತಾನೇ ಇಟ್ಟುಕೊಂಡ ಒಳ್ಳೆಯ ಅಭಿಪ್ರಾಯದ ಮುಂದೆ. ಆ ಹುಡುಗನ ಮುಂದೆ ನಾಚಿದವರನ್ನು ನಾನು ಕಾಣಲಿಲ್ಲ. ಅವನು ಬೇಕರಿಗೆ ಬಂದರೆ ಎಲ್ಲರಂತೆ ನಗುತ್ತಲೇ ಬ್ರೆಡ್ಡು ಕಟ್ಟಿಕೊಡುತ್ತಿದ್ದರು.

ಹುಡುಗಿಯ ಪಟ್ಟಿಯಲ್ಲಿ ಹನ್ನೆರಡನೆಯ ಹೆಸರು ಅವಳ ಸೋದರತ್ತೆಯದು. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆಗೆ ಸೌದೆ ಒಡ್ಡುವ ಹೆಂಗಸು. ಮನೆಯವಳೇ ಆದ್ದರಿಂದ ಅವಳನ್ನು ಕೇಳುವುದು ಕೊನೆಗೆ ಉಳಿದಿತ್ತು. 'ನಿನಗೆ ಏನಾದರೂ ಇದೆಯೇ?' ಎಂದದ್ದಕ್ಕೆ ಆಕೆ ಹಿಟ್ಟಿನ ಕೈ ಒರೆಸಿಕೊಳ್ಳದೆ ಹೇಳಿದಳಂತೆ: 'ಇದೆ. ಊರಿಗಲ್ಲ, ನನಗೆ. ಆ ಬಣ್ಣ, ಆ ಕೂದಲು ನನ್ನ ತಮ್ಮನ ಮೊಮ್ಮಕ್ಕಳಿಗೆ ಬರುವುದು ನನಗೆ ಬೇಡ.' ಇಬ್ಬರೂ ಆ ದಿನ ಜಗಳವಾಡಿದ್ದು ಬ್ಯಾಂಕಿನವರೆಗೆ ಕೇಳಿಸಿತು. ತಟ್ಟೆ ಒಡೆಯಿತು. ಒಂದು ತಿಂಗಳು ಮಾತು ನಿಂತಿತು. ಮರುದಿನ ಹುಡುಗಿ ನನ್ನ ಬಳಿ ಬಂದಾಗ ಅವಳ ಕಣ್ಣು ಊದಿದ್ದವು, ಆದರೆ ಮುಖದಲ್ಲಿ ಒಂದು ಬಗೆಯ ಗೆಲುವಿತ್ತು. 'ಸಿಕ್ಕಿತು ಸಾರ್' ಎಂದಳು, ತಾಳೆಯಾಗದ ಲೆಕ್ಕದಲ್ಲಿ ತಪ್ಪಿದ ರೂಪಾಯಿ ಸಿಕ್ಕವರ ಹಾಗೆ.

ಇನ್ನೊಂದು ಕಡೆಯ ಮಾತೂ ಇದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಹುಡುಗನ ತಾಯಿಗೂ ಈ ಮದುವೆ ಬೇಕಿರಲಿಲ್ಲ. ಆಕೆ ಎಂದೂ ಊರಿನ ಹೆಸರು ಹೇಳಲಿಲ್ಲ. 'ನನಗೆ ಬೇಡ. ಸಂತೆಯ ದಿನ ಅವರ ಅಂಗಡಿಯಲ್ಲಿ ನಾನು ಚಹಾ ಕುಡಿದಿದ್ದೇನೆ. ಇಪ್ಪತ್ತು ವರ್ಷದಲ್ಲಿ ಒಂದು ದಿನ ಒಳಗೆ ಬಾ ಎಂದಿಲ್ಲ' ಎಂದಳು. ಇದನ್ನು ದ್ವೇಷವೆನ್ನಲು ನನಗೆ ಬಾಯಿ ಬಾರದು. ಹುಡುಗಿ ಉತ್ತರ ಕೊಡದೆ ಅಂಗಳದಲ್ಲಿ ಕುಳಿತಳು. ಮೂರನೆಯ ಸಲ ಹೋದಾಗ ಆ ತಾಯಿ ತಾನು ಹೊಲಿಯುತ್ತಿದ್ದ ಕೌದಿಯ ಒಂದು ಮೂಲೆಯನ್ನು ಅವಳ ಕೈಗೆ ಕೊಟ್ಟು, ಮೂಲೆಗೆ ಬಟ್ಟೆ ಮಡಚಿ ಕೂರಿಸುವ ಫುಲವನ್ನು ಹೇಗೆ ಹೊಲಿಯಬೇಕೆಂದು ತೋರಿಸಿದಳು. ಫುಲ ಇಲ್ಲದ ಕೌದಿಯನ್ನು ಸಿದ್ದಿ ಹೆಂಗಸರು ಮುಗಿಯಿತೆಂದು ಎಣಿಸುವುದಿಲ್ಲ.

ಕೆಥೊಲಿಕರಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪೂಜೆಯ ಹೊತ್ತಿನಲ್ಲಿ ಜೋಡಿಯ ಹೆಸರು ಓದುತ್ತಾರೆ. ಅಡ್ಡಿ ಏನಾದರೂ ಗೊತ್ತಿದ್ದವರು ಪಾದ್ರಿಗೆ ತಿಳಿಸಬೇಕು. ಎಷ್ಟು ಒಳ್ಳೆಯ ಪದ್ಧತಿ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ: ಊರೇ, ನಿನಗೆ ಏನಿದೆಯೋ ಬಂದು ಹೇಳು ಎಂದು ಮೂರು ಸಲ ಬಹಿರಂಗವಾಗಿ ಕೇಳುವುದು. 1997ರ ಜನವರಿಯಲ್ಲಿ ಮೂರು ಭಾನುವಾರ ಓದಿದರು. ಒಬ್ಬರೂ ಹೋಗಿ ಏನೂ ಹೇಳಲಿಲ್ಲ. ಮದುವೆಯ ದಿನ ಚರ್ಚಿನ ಎಡಭಾಗದ ಬೆಂಚುಗಳಲ್ಲಿ ಕಾಡಿನಿಂದ ಬಂದ ಸಿದ್ದಿಗಳು ತುಂಬಿದ್ದರು. ಬಲಭಾಗದಲ್ಲಿ ತಂದೆ, ತಾಯಿ, ಅಣ್ಣ ಅತ್ತಿಗೆ, ನಾವು ಬ್ಯಾಂಕಿನವರು ನಾಲ್ವರು. ಹನ್ನೊಂದು ಜನರಲ್ಲಿ ಒಬ್ಬರಿಗೆ ಜ್ವರ, ಒಬ್ಬರಿಗೆ ಪರವೂರಿನ ಕೆಲಸ. ಎಲ್ಲರೂ ಉಡುಗೊರೆ ಕಳಿಸಿದ್ದರು, ಒಳ್ಳೆಯ ಉಡುಗೊರೆಗಳೇ. ಅತ್ತೆ ಬಂದಿದ್ದಳು. ಮುಖ ಗಂಟಿಕ್ಕಿಕೊಂಡು ಮುಂದಿನ ಬೆಂಚಿನಲ್ಲೇ ಕುಳಿತಿದ್ದಳು.

2001ರಲ್ಲಿ ನನಗೆ ವರ್ಗವಾಯಿತು. ಆದರೂ ಆ ಮನೆಯೊಡನೆ ಸಂಪರ್ಕ ಉಳಿದಿದೆ. ಕಾಲ ಎಷ್ಟೋ ಮುಂದೆ ಹೋಗಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಹನ್ನೊಂದು ಜನ ಆ ದಂಪತಿಗಳೊಡನೆ ಇಂದಿಗೂ ಸೌಜನ್ಯದಿಂದಿದ್ದಾರೆ, ಬದುಕಿರುವವರು. ಹಬ್ಬಕ್ಕೆ ಕೇಕು ಬರುತ್ತದೆ. ಕೇಕು ತಂದವರು ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಾರೆ. ಅತ್ತೆ ಮಾತ್ರ ಮಗು ಹುಟ್ಟಿದ ಮೂರನೆಯ ತಿಂಗಳಿಗೆ ಜಗಳ ಮುಂದುವರಿಸಲೆಂಬಂತೆ ಬಂದವಳು ಒಂದು ವಾರ ಉಳಿದಳು. ಆಮೇಲೆ ಬಂದು ಹೋಗುತ್ತಲೇ ಇದ್ದಳು. ಆ ಹುಡುಗಿಯ ಗುಂಗುರು ಕೂದಲಿಗೆ ಎಣ್ಣೆ ಹಚ್ಚಿ ಬಾಚುವಾಗ ಹಣಿಗೆಯ ಹಲ್ಲು ಮುರಿದರೆ ಮೊಮ್ಮಗಳ ತಲೆಗೆ ಮೊಟಕಿ ಬೈಯುತ್ತಿದ್ದಳು. ತನಗೆ ಈ ಮದುವೆ ಇಷ್ಟವಿರಲಿಲ್ಲ ಎಂದು ಕೊನೆಯವರೆಗೂ ಹೇಳುತ್ತಿದ್ದಳು. ಈಗ ಆಕೆ ಇಲ್ಲ.

ಎರಡು ವರ್ಷದ ಹಿಂದೆ ಹೋದಾಗ ಮಾಸ್ತರರೊಡನೆ ಜಗುಲಿಯಲ್ಲಿ ಕುಳಿತು ಈ ವಿಚಾರವನ್ನೆಲ್ಲ ಹೇಳಿದೆ. ಹನ್ನೊಂದು ಜನರಿಗಿಂತ ಆ ಅತ್ತೆ ದೊಡ್ಡವಳು, 'ನನಗೆ' ಎಂದವಳ ಜೊತೆ ಮಾತ್ರ ಜಗಳವೂ ಸಾಧ್ಯ, ರಾಜಿಯೂ ಸಾಧ್ಯ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, 'ಸಾರ್, ಕೇಳಿದವರು ನೀವು. ಆ ಮಾತು ನನ್ನ ಕೂದಲಿನ ಬಗ್ಗೆ' ಎಂದರು. 'ಅಂಗಳದಲ್ಲಿ ನಿಂತು ಹೋಗುವವರು ನನ್ನ ನಿದ್ದೆ ಕೆಡಿಸಿಲ್ಲ. ಆಕೆ ಕೆಡಿಸಿದ್ದಾಳೆ. ಆಕೆ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ನಾನೇ, ಆದರೂ.' ಆಮೇಲೆ ಒಳಗಿನಿಂದ ಚಹಾ ಬಂತು. ಅವರು ಈ ವರ್ಷ ಮಂಗಗಳ ಕಾಟದಿಂದ ಒಂದು ಹಲಸಿನ ಕಾಯಿಯೂ ಉಳಿಯಲಿಲ್ಲ ಎಂದು ಹೇಳತೊಡಗಿದರು.